ಎಲ್ಲ ದಿಕ್ಕುಗಳನ್ನೂ ನೋಡಿದ ಲಗ್ರಾಂಜ್

ಗಣಿತಜ್ಞ ಜೋಸೆಫ್ ಲೂಯಿ ಲಗ್ರಾಂಜ್ ಅವರು 1736ರ ಜನವರಿ 25ರಂದು ಇಂದಿನ ಇಟಲಿಯ ಟ್ಯೂರಿನ್ ನಗರದಲ್ಲಿ ಜನಿಸಿದರು. ತಂದೆ ಸರ್ಕಾರಿ ಹುದ್ದೆಯಲ್ಲಿದ್ದರೂ ಸಟ್ಟಾ ವ್ಯವಹಾರದಲ್ಲಿ ಹಣ ಕಳೆದುಕೊಂಡರು. ಮಗ ವಕೀಲನಾಗಲಿ ಎಂಬುದು ಅವರ ಇಚ್ಛೆ. ಆದರೆ ಖಗೋಳಜ್ಞ ಹ್ಯಾಲಿಯವರ ಒಂದು ಲೇಖನ ಓದಿದ ಹುಡುಗನಿಗೆ ಗಣಿತದ ಗೀಳು ಹಿಡಿಯಿತು. ಆಸ್ತಿ ಉಳಿದಿದ್ದರೆ ತಾವು ಗಣಿತಕ್ಕೆ ಬರುತ್ತಲೇ ಇರಲಿಲ್ಲವೇನೋ ಎಂದು ಲಗ್ರಾಂಜ್ ಮುಂದೆ ನೆನೆಯುತ್ತಿದ್ದರು. 1755ರಲ್ಲಿ, 19ರ ವಯಸ್ಸಿನಲ್ಲೇ, ಟ್ಯೂರಿನ್ನಿನ ಫಿರಂಗಿ ದಳದ ಶಾಲೆಯಲ್ಲಿ ಅಧ್ಯಾಪಕರಾದರು.

ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ನಮ್ಮ ವಿದ್ಯಾರ್ಥಿಗಳು ಕಲಿಯುವ ಒಂದು ನಿಯಮ ಅವರ 1759ರ ಪ್ರಬಂಧಕ್ಕೆ ಸೇರಿದ್ದು. ಎರಡು ಚರಾಕ್ಷರಗಳ ಫಲನವನ್ನು ಗುಡ್ಡಗಾಡಿನ ನೆಲ ಎಂದು ಭಾವಿಸಿ. ನೆಲ ಕ್ಷಣಕಾಲ ಸಮತಟ್ಟಾಗುವ ಜಾಗವೇ ಕ್ರಿಟಿಕಲ್ ಬಿಂದು. ಅದು ಶಿಖರವೋ, ತಗ್ಗಿನ ತಳವೋ, ಇನ್ನೊಂದೋ? ಬೆಳಗಾವಿಯಿಂದ ಖಾನಾಪುರ ತಾಲ್ಲೂಕಿನ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಗೋವೆಗೆ ಹೋದವರು ಘಾಟಿನ ಗುಡ್ಡಗಳನ್ನು ನೆನೆಯಲಿ. ಎರಡು ಶಿಖರಗಳ ನಡುವಿನ ಕಣಿವೆದಾರಿ ಗುಡ್ಡಸಾಲಿನ ಗುಂಟ ನೋಡಿದರೆ ಅತಿ ತಗ್ಗು, ದಾಟುವ ದಾರಿಯ ಗುಂಟ ನೋಡಿದರೆ ಅತಿ ಎತ್ತರ. ಕುದುರೆಯ ಜೀನಿನ ಆಕಾರದ ಇದೇ ಸ್ಯಾಡಲ್ ಬಿಂದು.

ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ಎರಡೇ ದಿಕ್ಕು ನೋಡಿದರೆ ಸಾಲದೇ? ಸಾಲದು. ಎಕ್ಸ್ ವರ್ಗ, ವೈ ವರ್ಗ, ಜೊತೆಗೆ ಎಕ್ಸ್-ವೈ ಗುಣಲಬ್ಧದ 3 ಪಟ್ಟು ಕೂಡಿಸಿ. ಸೊನ್ನೆ ಬಿಂದುವಿನಿಂದ ಆ ಎರಡೂ ದಿಕ್ಕಿನಲ್ಲಿ ನೆಲ ಏರುತ್ತದೆ. ಆದರೆ ಓರೆಯಾಗಿ ಎಕ್ಸ್ 1, ವೈ −1 ಇರುವಲ್ಲಿಗೆ ಹೋದರೆ ಬೆಲೆ −1, ಅಂದರೆ ಇಳಿಜಾರು! ಲಗ್ರಾಂಜ್ ವರ್ಗ ಪೂರ್ಣಗೊಳಿಸುವ ಉಪಾಯದಿಂದ ಎಲ್ಲ ದಿಕ್ಕುಗಳನ್ನೂ ಒಮ್ಮೆಗೇ ಪರೀಕ್ಷಿಸಿದರು. ಎರಡು ನೇರ ಎರಡನೇ ಡೆರಿವೇಟಿವ್‌ಗಳ ಗುಣಲಬ್ಧದಿಂದ ಮಿಶ್ರ ಡೆರಿವೇಟಿವ್‌ನ ವರ್ಗ ಕಳೆಯಬೇಕು. ಇಲ್ಲಿ 2×2−3×3, ಅಂದರೆ −5. ಋಣವಾದರೆ ಸ್ಯಾಡಲ್. ಧನವಾದರೆ ಗರಿಷ್ಠ ಅಥವಾ ಕನಿಷ್ಠ; ಯಾವುದೆಂದು ನೇರ ಡೆರಿವೇಟಿವ್‌ನ ಚಿಹ್ನೆ ಹೇಳುತ್ತದೆ. ಆಗ ಅವರಿಗೆ ಕೇವಲ 23 ವರ್ಷ.

1766ರಲ್ಲಿ ಆಯ್ಲರ್ ಅವರ ಸ್ಥಾನಕ್ಕೆ ಬರ್ಲಿನ್‌ಗೆ, 1787ರಲ್ಲಿ ಪ್ಯಾರಿಸ್‌ಗೆ ಹೋದರು. 1788ರಲ್ಲಿ ಬಂದ ಅವರ ಯಂತ್ರಶಾಸ್ತ್ರದ ಮಹಾಗ್ರಂಥದಲ್ಲಿ ಒಂದೂ ಚಿತ್ರವಿಲ್ಲ. ಗುಡ್ಡ-ಕಣಿವೆಯ ನಮ್ಮ ವಿವರಣೆ ಅವರಿಗೆ ಎಷ್ಟು ಹಿಡಿಸುತ್ತಿತ್ತೋ! 1813ರ ಏಪ್ರಿಲ್ 10ರಂದು ಪ್ಯಾರಿಸ್‌ನಲ್ಲಿ ನಿಧನರಾದರು.

ಲೆಕ್ಕ ಸೊನ್ನೆ ಬಂದರೆ ಮಾತ್ರ ಈ ನಿಯಮ ಮೌನ. 1884ರಲ್ಲಿ ಅದೇ ಟ್ಯೂರಿನ್ನಿನ ಪಿಯಾನೊ, ಪ್ರತಿ ಸರಳರೇಖೆಯ ಗುಂಟ ಏರಿದರೂ ಒಂದು ವಕ್ರರೇಖೆಯ ಗುಂಟ ಇಳಿಯುವ ನೆಲವೂ ಉಂಟೆಂದು ತೋರಿಸಿದರು.