ಕಿರುಪುಷ್ಪದ ತಂದೆ: ಸಂತ ಲೂಯಿ ಮಾರ್ಟಿನ್

ಪ್ರತಿ ವರ್ಷ ಅಕ್ಟೋಬರ್ 1ರಂದು ನಾವು ಲಿಸಿಯು ನಗರದ ಸಂತ ತೆರೇಸರ ಹಬ್ಬವನ್ನು ಆಚರಿಸುತ್ತೇವೆ. ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡ ಅವರ ಸ್ವರೂಪ ನಮ್ಮ ಅನೇಕ ದೇವಾಲಯಗಳಲ್ಲಿದೆ. ಆದರೆ ಆ ಕಿರುಪುಷ್ಪವನ್ನು ನೀರೆರೆದು ಬೆಳೆಸಿದ ತಂದೆಯ ಕುರಿತು ನಾವು ಅರಿತಿರುವುದು ಅಲ್ಪ. ಅವರು ಮಠವಾಸಿಯಲ್ಲ, ಗುರುವಲ್ಲ. ಫ್ರಾನ್ಸ್ ದೇಶದ ಒಂದು ಪಟ್ಟಣದಲ್ಲಿ ಗಡಿಯಾರದ ಅಂಗಡಿಯಿಟ್ಟು ಸಂಸಾರ ಸಾಗಿಸಿದ ಗೃಹಸ್ಥ. ಕುಟುಂಬಸ್ಥರಾದ ನಮ್ಮ ಓದುಗರಿಗೆ ಆ ಬದುಕು ಹೆಚ್ಚು ಹತ್ತಿರವಾದುದೆಂದು ಭಾವಿಸಿ ಇಂದು ಅದನ್ನು ಸ್ಮರಿಸುತ್ತೇವೆ.

ಲೂಯಿ ಮಾರ್ಟಿನ್ ಜನಿಸಿದ್ದು 1823ರ ಆಗಸ್ಟ್ 22ರಂದು, ಬೋರ್ಡೊ ನಗರದಲ್ಲಿ. ತಂದೆ ಸೈನ್ಯಾಧಿಕಾರಿ. ಯೌವನದಲ್ಲಿ ಲೂಯಿಯವರು ಗಡಿಯಾರದ ಕೆಲಸ ಕಲಿತರು. ಆದರೆ ಮನಸ್ಸು ಸನ್ಯಾಸದ ಕಡೆಗಿತ್ತು. 22ನೆಯ ವಯಸ್ಸಿನಲ್ಲಿ ಆಲ್ಪ್ಸ್ ಪರ್ವತದ ಮೇಲಿನ ಸಂತ ಬರ್ನಾರ್ಡರ ಮಠದ ಬಾಗಿಲು ತಟ್ಟಿದರು. ಲತೀನ್ ಭಾಷೆ ಕಲಿತು ಬರಬೇಕೆಂದು ಅಲ್ಲಿಯವರು ಹಿಂದಕ್ಕೆ ಕಳುಹಿಸಿದರು. ಅವರು ಪಾಠಕ್ಕೆ ಕುಳಿತರು, ಆದರೆ ಅನಾರೋಗ್ಯದಿಂದ ಅದು ನಿಂತುಹೋಯಿತು. ದೇವರು ತಮ್ಮನ್ನು ಬೇರೆಡೆಗೆ ಕರೆಯುತ್ತಿದ್ದಾರೆಂದು ಒಪ್ಪಿಕೊಂಡು, 1850ರಲ್ಲಿ ಅಲಾನ್ಸೋನ್ ಪಟ್ಟಣದಲ್ಲಿ ಗಡಿಯಾರದ ಅಂಗಡಿ ತೆರೆದರು.

ಸುತ್ತಲಿನ ಹಳ್ಳಿಗಳ ಜನ ಪಟ್ಟಣಕ್ಕೆ ಬರುತ್ತಿದ್ದುದು ಭಾನುವಾರದಂದು. ಇತರ ವ್ಯಾಪಾರಿಗಳಿಗೆ ಅದೇ ಸುಗ್ಗಿ. ಲೂಯಿಯವರ ಅಂಗಡಿ ಮಾತ್ರ ಅಂದು ಮುಚ್ಚಿರುತ್ತಿತ್ತು. ಪಕ್ಕದ ಬಾಗಿಲನ್ನಾದರೂ ತೆರೆದಿಡುವಂತೆ ಹಿತೈಷಿಗಳು ಹೇಳಿದರೂ ಅವರು ಕದಲಲಿಲ್ಲ. ಪ್ರಭುವಿನ ದಿನ ಪ್ರಭುವಿಗೇ ಸಲ್ಲಬೇಕೆಂಬುದು ಅವರ ನಿಲುವು. ಉಳಿದ ಆರು ದಿನ ಅವರ ದುಡಿಮೆಯಲ್ಲಿ ಸೋಮಾರಿತನವಿರಲಿಲ್ಲ. ಬಡವರಿಗೆ ನೀಡುವ ಕೈಯಲ್ಲಿ ಜಿಪುಣತನವಿರಲಿಲ್ಲ. ಒಮ್ಮೆ ರೈಲು ನಿಲ್ದಾಣದಲ್ಲಿ ಮೂರ್ಛೆರೋಗದ ಬಡವನೊಬ್ಬ ಊರಿಗೆ ಹೋಗಲು ಹಣವಿಲ್ಲದೆ ಕುಳಿತಿದ್ದ. ಲೂಯಿಯವರು ತಮ್ಮ ಟೋಪಿಯನ್ನೇ ತೆಗೆದು, ಅದರಲ್ಲಿ ಮೊದಲು ತಾವು ಹಣ ಹಾಕಿ, ಬಳಿಕ ಪ್ರಯಾಣಿಕರ ಮುಂದೆ ಒಡ್ಡಿದರು.

1858ರ ಜುಲೈ 13ರಂದು ಅವರು ಝೆಲಿ ಗೆರೆನ್ ಅವರನ್ನು ವಿವಾಹವಾದರು. ಝೆಲಿಯವರು ನೂಲಿನ ಸೂಕ್ಷ್ಮ ಕಸೂತಿಗೆ ಹೆಸರಾದ ಆ ಊರಿನಲ್ಲಿ ಸ್ವಂತ ಉದ್ಯಮ ನಡೆಸುತ್ತಿದ್ದ ಸಮರ್ಥೆ. ಕನ್ಯಾಮಠ ಸೇರಬೇಕೆಂಬ ಅವರ ಬಯಕೆಯೂ ಈಡೇರಿರಲಿಲ್ಲ. ದಂಪತಿಗಳು ಬೆಳಗಿನ ಜಾವದ ಬಲಿಪೂಜೆಗೆ ಒಟ್ಟಾಗಿ ಹೋಗುತ್ತಿದ್ದರು. 1870ರಲ್ಲಿ ಲೂಯಿಯವರು ತಮ್ಮ ಅಂಗಡಿಯನ್ನು ಸೋದರಿಯ ಮಗನಿಗೆ ಮಾರಿ, ಪತ್ನಿಯ ಉದ್ಯಮಕ್ಕೆ ಹೆಗಲು ಕೊಟ್ಟರು. ಗಂಡಸೆಂಬ ಅಭಿಮಾನ ಅದಕ್ಕೆ ಅಡ್ಡಬರಲಿಲ್ಲ.

ಆ ಮನೆಯಲ್ಲಿ ಒಂಬತ್ತು ಮಕ್ಕಳು ಹುಟ್ಟಿದರು. 1867ರಿಂದ 1870ರೊಳಗೆ ನಾಲ್ಕು ಮಕ್ಕಳನ್ನು ದಂಪತಿಗಳು ಮಣ್ಣಿಗೊಪ್ಪಿಸಿದರು. ಉಳಿದವರು ಐವರು ಹೆಣ್ಣುಮಕ್ಕಳು. ಕೊನೆಯವಳು 1873ರ ಜನವರಿ 2ರಂದು ಹುಟ್ಟಿದ ತೆರೇಸಾ. ಅವಳಿಗೆ ಐದು ವರ್ಷ ತುಂಬುವ ಮೊದಲೇ, 1877ರ ಆಗಸ್ಟ್ 28ರಂದು ಝೆಲಿಯವರು ಸ್ತನ ಕ್ಯಾನ್ಸರಿಗೆ ಬಲಿಯಾದರು. ಐವತ್ತನಾಲ್ಕರ ವಿಧುರ, ತಾನು ಬೇರೂರಿದ್ದ ಊರನ್ನೂ ಗೆಳೆಯರನ್ನೂ ಬಿಟ್ಟು, ಮಕ್ಕಳಿಗೆ ಸೋದರಮಾವನ ಆಸರೆ ದೊರೆಯಲೆಂದು ಲಿಸಿಯುವಿಗೆ ಬಂದು ನೆಲಸಿದರು.

ಮುಂದಿನದು ಒಂದೊಂದಾಗಿ ಬಿಟ್ಟುಕೊಡುವ ಕಥೆ. 1882ರಲ್ಲಿ ಪೌಲಿನ್, 1886ರಲ್ಲಿ ಹಿರಿಯ ಮಗಳು ಮರಿ ಕಾರ್ಮೆಲ್ ಮಠ ಸೇರಿದರು. 1887ರ ಪಂಚಾಶತ್ತಮ ಹಬ್ಬದ ಸಂಜೆ, ಹದಿನಾಲ್ಕರ ತೆರೇಸಾ ತೋಟದಲ್ಲಿ ತಂದೆಯ ಬಳಿ ಕುಳಿತು ತಾನೂ ಅದೇ ಮಠಕ್ಕೆ ಹೋಗಬೇಕೆಂದು ಕಣ್ಣೀರಿಟ್ಟು ಕೇಳಿದಳು. ಕೆಲವು ವಾರಗಳ ಹಿಂದಷ್ಟೇ ಅವರಿಗೆ ಪಾರ್ಶ್ವವಾಯು ಬಡಿದಿತ್ತು. ಆದರೂ ಅವರು ಒಪ್ಪಿದರು. ಗೋಡೆಯ ಮೇಲಿದ್ದ ಪುಟ್ಟ ಬಿಳಿಯ ಹೂಗಿಡವೊಂದನ್ನು ಬೇರುಸಹಿತ ಕಿತ್ತು ಮಗಳ ಕೈಗಿತ್ತರು. ಅದೇ ವರ್ಷ ಅವಳನ್ನು ರೋಮಿಗೆ ಕರೆದೊಯ್ದರು. 1888ರ ಏಪ್ರಿಲ್ 9ರಂದು ತೆರೇಸಾ ಮಠದೊಳಗೆ ಕಾಲಿಟ್ಟಳು.

ಅದಾಗಿ ಮೂರು ತಿಂಗಳೊಳಗೆ ಲೂಯಿಯವರ ಬುದ್ಧಿ ಮಸುಕಾಗತೊಡಗಿತು. ಜೂನ್‌ನಲ್ಲಿ ಯಾರಿಗೂ ಹೇಳದೆ ಮನೆಬಿಟ್ಟು ಹೋದರು. ಕೆಲವು ದಿನಗಳ ಬಳಿಕ ಲ ಹಾವ್ರ್ ಬಂದರಿನಲ್ಲಿ ಸಿಕ್ಕಿದರು. 1889ರ ಫೆಬ್ರವರಿ 12ರಂದು ಅವರನ್ನು ಕಾನ್ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೆಣ್ಣುಮಕ್ಕಳೆಲ್ಲ ಮಠಕ್ಕೆ ಹೋದುದೇ, ಅದರಲ್ಲೂ ಕಿರಿಯವಳು ಹೋದುದೇ ಈ ದುರ್ಗತಿಗೆ ಕಾರಣವೆಂದು ಊರು ಆಡಿಕೊಂಡಿತು. ಮಠದ ಗೋಡೆಯಾಚೆಗೂ ಆ ಮಾತು ತಲಪಿತು. ಲೂಯಿಯವರು ಮೂರು ವರ್ಷ ಆ ಆಸ್ಪತ್ರೆಯಲ್ಲಿದ್ದರು. ಮನಸ್ಸು ತಿಳಿಯಾಗಿದ್ದ ಗಳಿಗೆಯೊಂದರಲ್ಲಿ, ಬದುಕಿನಲ್ಲಿ ತಾವು ಅವಮಾನವನ್ನೇ ಕಂಡಿರಲಿಲ್ಲವೆಂದೂ, ತಮಗೆ ಒಂದು ಬೇಕಾಗಿತ್ತೆಂದೂ ವೈದ್ಯರಿಗೆ ಹೇಳಿದರಂತೆ. ಸೆಲಿನ್ ಹಾಗೂ ಲಿಯೋನಿ ಮೊದಲ ಕೆಲವು ತಿಂಗಳು ಅದೇ ನಗರದಲ್ಲಿ ಉಳಿದು, ಬಳಿಕ ವಾರವಾರವೂ ಹೋಗಿ ತಂದೆಯನ್ನು ಕಾಣುತ್ತಿದ್ದರು.

1892ರ ಮೇ ತಿಂಗಳಲ್ಲಿ, ಕಾಲುಗಳ ಶಕ್ತಿ ಉಡುಗಿದ ಮೇಲೆ, ಅವರನ್ನು ಮನೆಗೆ ಕರೆತಂದರು. ಆಗ ಒಮ್ಮೆ ಮಠದ ಸಂದರ್ಶನ ಕೊಠಡಿಗೆ ಕರೆದೊಯ್ದಾಗ, ಬೀಳ್ಕೊಡುವ ಹೊತ್ತಿನಲ್ಲಿ ಅವರು ಬೆರಳೆತ್ತಿ ಆಕಾಶವನ್ನು ತೋರಿಸಿದರು. ತೆರೇಸಾ ತಂದೆಯನ್ನು ಕಂಡದ್ದು ಅದೇ ಕೊನೆ. 1894ರ ಜುಲೈ 29ರಂದು, ಸೆಲಿನ್ ಬಳಿಯಲ್ಲಿದ್ದಂತೆ, ಅವರು ಪ್ರಭುವಿನಲ್ಲಿ ವಿಶ್ರಮಿಸಿದರು. ಆಗ ಅವರಿಗೆ ಎಪ್ಪತ್ತು ವರ್ಷ.

ಮನುಷ್ಯನನ್ನು ವಿವೇಕವುಳ್ಳ ಜೀವಿಯೆಂದು ದಾರ್ಶನಿಕರು ವ್ಯಾಖ್ಯಾನಿಸಿದರು. ಹಾಗಾದರೆ ಬುದ್ಧಿ ಕದಡಿದವನ ಮನುಷ್ಯತ್ವ ಅಳಿದುಹೋಯಿತೇ? ಇಲ್ಲವೆನ್ನುತ್ತಾರೆ ಸಂತ ತೋಮಸ್ ಅಕ್ವಿನಾಸರು. ದೇಹದ ಅಡಚಣೆಯಿಂದ ವಿವೇಕ ಕೆಲಸ ಮಾಡದಿರಬಹುದು. ವಿವೇಕಾತ್ಮ ಮಾತ್ರ ಅಳಿಯದು. ಸೆಮಿನರಿಯಲ್ಲಿ ನಾವು ಇದನ್ನು ತತ್ತ್ವವಾಗಿ ಓದಿದ್ದೆವು. ರೋಗಿಗಳಿಗೆ ಪರಮಪ್ರಸಾದ ಕೊಂಡೊಯ್ಯುವಾಗ ಇದು ನಮಗೆ ನಿಜವಾಗಿ ತಿಳಿಯುತ್ತದೆ. ಒಂದು ಕಾಲದಲ್ಲಿ ಮನೆಯನ್ನೇ ಹೊತ್ತು ನಡೆದ ಹಿರಿಯರು ಇಂದು ಮಕ್ಕಳ ಹೆಸರು ಮರೆತು ಒಳಕೋಣೆಯಲ್ಲಿ ಮಲಗಿರುತ್ತಾರೆ. ನೆಂಟರು ಬಂದರೆ ಆ ಕೋಣೆಯ ಬಾಗಿಲು ಮುಚ್ಚುತ್ತದೆ. ಅವರ ಮಾತೆತ್ತಲು ಮನೆಯವರು ಸಂಕೋಚಪಡುತ್ತಾರೆ.

ತೆರೇಸಾ ಸಂಕೋಚಪಡಲಿಲ್ಲ. ತಂದೆಯ ಕಳೆಗುಂದಿದ ಮುಖದಲ್ಲಿ ಅವರು ಶಿಲುಬೆಯ ಹಾದಿಯಲ್ಲಿ ನಡೆದ ಕ್ರಿಸ್ತರ ಪವಿತ್ರ ಮುಖವನ್ನು ಕಂಡರು. ಮಠದ ತಮ್ಮ ಹೆಸರಿಗೆ ಆ ಮುಖದ ಹೆಸರನ್ನೂ ಸೇರಿಸಿಕೊಂಡರು. ಇತರರು ಅವಮಾನವೆಂದುದನ್ನು ಅವರು ತಮ್ಮ ಕುಟುಂಬದ ಸಂಪತ್ತೆಂದು ಎಣಿಸಿದರು.

ಧರ್ಮಸಭೆಯೂ ಹಾಗೆಯೇ ಎಣಿಸಿತು. 2008ರ ಅಕ್ಟೋಬರ್ 19ರಂದು ಲೂಯಿ ಮತ್ತು ಝೆಲಿ ದಂಪತಿಗಳನ್ನು ಲಿಸಿಯುವಿನಲ್ಲಿ ಧನ್ಯರೆಂದು ಘೋಷಿಸಲಾಯಿತು. 2015ರ ಅಕ್ಟೋಬರ್ 18ರಂದು, ಕುಟುಂಬವನ್ನು ಕುರಿತ ಧರ್ಮಾಧ್ಯಕ್ಷರ ಮಹಾಸಭೆ ರೋಮಿನಲ್ಲಿ ನಡೆಯುತ್ತಿದ್ದಾಗಲೇ, ಪೋಪ್ ಫ್ರಾನ್ಸಿಸ್ ಅವರು ಇಬ್ಬರನ್ನೂ ಒಟ್ಟಿಗೆ ಸಂತ ಪದವಿಗೇರಿಸಿದರು. ಜುಲೈ 12 ಅವರ ಸ್ಮರಣೆಯ ದಿನ. ಭಾನುವಾರ ಅಂಗಡಿ ಮುಚ್ಚಿದ ವ್ಯಾಪಾರಿಯನ್ನೂ ಆಸ್ಪತ್ರೆಯ ಅಸಹಾಯ ರೋಗಿಯನ್ನೂ ಧರ್ಮಸಭೆ ಒಬ್ಬನೇ ಸಂತನೆಂದು ಗೌರವಿಸಿತು. ಮೊದಲನೆಯವನಷ್ಟೇ ಪವಿತ್ರ, ಎರಡನೆಯವನು ಪವಿತ್ರನ ಅವಶೇಷ ಎಂದು ಅದು ಬಗೆಯಲಿಲ್ಲ.

ಪ್ರಿಯ ಕುಟುಂಬಗಳೇ, ಇಂದು ಸಂಜೆ ಜಪಸರಕ್ಕೆ ಕೂಡುವಾಗ ಒಳಕೋಣೆಯ ಬಾಗಿಲನ್ನು ತೆರೆದಿಡೋಣ. ಮಲಗಿರುವ ಹಿರಿಯರ ಕೈಗೂ ಒಂದು ಜಪಸರ ಕೊಡೋಣ. ಅವರು ಮಣಿ ಎಣಿಸದಿದ್ದರೂ ಚಿಂತೆಯಿಲ್ಲ. ಅವರ ಪಾಲಿನದನ್ನು ಮಕ್ಕಳು ಎಣಿಸಲಿ.