ಎಣಿಸಿ ಅಚ್ಚು ಹಾಕಿಸಿದ ಪುಸ್ತಕ: ಬೀಟ್ರಿಕ್ಸ್ ಪಾಟರ್ ಅವರ ಬದುಕು

ಮಕ್ಕಳ ಪುಸ್ತಕಗಳ ಚಿತ್ರಕಾರರ ಹಳೆಯ ಮುದ್ರಣಗಳನ್ನು ಹುಡುಕಿ ಕೂಡಿಡುವ ಸಂಗ್ರಹಕಾರರು ಅನೇಕ ದೇಶಗಳಲ್ಲಿದ್ದಾರೆ. ಅವರು ಬಹಳವಾಗಿ ಬಯಸುವ ಪುಸ್ತಕಗಳಲ್ಲಿ 1901ರ ಡಿಸೆಂಬರ್‌ನಲ್ಲಿ ಲಂಡನ್ನಿನಲ್ಲಿ ಅಚ್ಚಾದ ಮೊಲದ ಕಥೆಯೊಂದು ಸೇರಿದೆ. ಅಂದು ಮುದ್ರಣವಾದದ್ದು 250 ಪ್ರತಿಗಳು ಮಾತ್ರ. ಕಥೆ ಬರೆದು, ಚಿತ್ರ ಬಿಡಿಸಿ, ಸ್ವಂತ ಹಣದಲ್ಲಿ ಅದನ್ನು ಅಚ್ಚು ಹಾಕಿಸಿದವರು ಬೀಟ್ರಿಕ್ಸ್ ಪಾಟರ್. ಪ್ರತಿಗಳನ್ನು ಬೇಕೆಂದೇ ಕಡಿಮೆ ಮಾಡಿ ಬೆಲೆ ಏರಿಸುವ ಪದ್ಧತಿ ಇಂದು ಇದೆ. ಪಾಟರ್ ಅವರ ಪುಸ್ತಕದ ಸಂಖ್ಯೆ ಕಡಿಮೆಯಾಗಿದ್ದಕ್ಕೆ ಕಾರಣ ಅದಲ್ಲ.

ಬೀಟ್ರಿಕ್ಸ್ ಹುಟ್ಟಿದ್ದು 1866ರ ಜುಲೈ 28ರಂದು, ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನ ಶ್ರೀಮಂತ ಮನೆತನದಲ್ಲಿ. ಅವರನ್ನು ಶಾಲೆಗೆ ಕಳುಹಿಸಲಿಲ್ಲ. ಮನೆಗೇ ಬರುತ್ತಿದ್ದ ಶಿಕ್ಷಕಿಯರಿಂದ ಪಾಠವಾಯಿತು. ಓರಗೆಯ ಗೆಳತಿಯರು ಕಡಿಮೆ. ಆರು ವರ್ಷ ಚಿಕ್ಕವನಾದ ತಮ್ಮ ಬರ್ಟ್ರಮ್ ಜೊತೆ ಸೇರಿ ಅವರು ಓದುವ ಕೋಣೆಯಲ್ಲೇ ಮೊಲ, ಇಲಿ, ಕಪ್ಪೆ, ಹಲ್ಲಿ, ಬಾವಲಿಗಳನ್ನು ಸಾಕಿದರು. ಸಾಕಿದ್ದನ್ನೆಲ್ಲ ದಿನವೂ ನೋಡಿ ಬರೆದರು. ಪ್ರಾಣಿ ಸತ್ತರೆ ಅದರ ಎಲುಬುಗೂಡನ್ನೂ ಬಿಡದೆ ಬರೆದರು. ಮುಂದೆ ಅವರ ಮೊಲಗಳು ಕೋಟು ತೊಟ್ಟು ನಡೆದರೂ ಕಿವಿ, ಕಾಲು, ಬೆನ್ನಿನ ಬಾಗು ನಿಜವಾದ ಮೊಲದವೇ ಆಗಿ ಉಳಿದದ್ದಕ್ಕೆ ಈ ಅಭ್ಯಾಸವೇ ಕಾರಣ.

ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಗಮನಿಸಬೇಕಾದ ಅಧ್ಯಾಯ ಅಣಬೆಗಳದ್ದು. ಬೇಸಿಗೆ ಕಳೆಯಲು ಕುಟುಂಬದೊಂದಿಗೆ ಸ್ಕಾಟ್ಲೆಂಡಿಗೆ ಹೋದಾಗ ಅವರಿಗೆ ಚಾರ್ಲ್ಸ್ ಮೆಕಿಂಟಾಶ್ ಅವರ ಪರಿಚಯವಾಯಿತು. ಆತ ಹಳ್ಳಿಯ ಅಂಚೆಯವರು. ಅಂಚೆ ಹಂಚುತ್ತಾ ನಡೆದ ದಾರಿಯಲ್ಲೇ ಸಸ್ಯಗಳನ್ನು ಕಲಿತವರು. ಅಣಬೆಯನ್ನು ಮೇಲಿನಿಂದ ಮಾತ್ರವಲ್ಲದೆ ಸೀಳಿ, ಒಳಭಾಗವನ್ನೂ ತೋರಿಸುವಂತೆ ಬರೆಯಬೇಕೆಂದು ಅವರು ಸಲಹೆ ಕೊಟ್ಟರು. ಪಾಟರ್ ನೂರಾರು ಚಿತ್ರ ಬರೆದರು. ಸೂಕ್ಷ್ಮದರ್ಶಕದ ಕೆಳಗೆ ಬೀಜಕಗಳು ಮೊಳೆಯುವುದನ್ನು ತಾವೇ ಮಾಡಿ ನೋಡಿದರು. ಆ ಕುರಿತ ಅವರ ಪ್ರಬಂಧ 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯ ಸಭೆಯ ಮುಂದೆ ಬಂತು. ಆಗ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಕ್ಯೂ ಉದ್ಯಾನದ ತಜ್ಞ ಜಾರ್ಜ್ ಮ್ಯಾಸೀ ಅದನ್ನು ಮಂಡಿಸಿದರು. ಪ್ರಬಂಧ ಪ್ರಕಟವಾಗಲಿಲ್ಲ. ಅದನ್ನು ಹಿಂದಕ್ಕೆ ಪಡೆಯಲಾಯಿತು, ಇಂದು ಅದರ ಹಸ್ತಪ್ರತಿಯೂ ಉಳಿದಿಲ್ಲ. ಉಳಿದದ್ದು ಚಿತ್ರಗಳು.

ಮೊಲದ ಕಥೆ ಹುಟ್ಟಿದ್ದೂ ಸ್ಕಾಟ್ಲೆಂಡಿನಲ್ಲೇ. ಅವರಿಗೆ ಕಲಿಸಿದ್ದ ಶಿಕ್ಷಕಿ ಆನಿ ಮೂರ್ ಅವರ ಐದು ವರ್ಷದ ಮಗ ನೋಯಲ್ ಕಾಯಿಲೆ ಬಿದ್ದಿದ್ದ. 1893ರ ಸೆಪ್ಟೆಂಬರ್ 4ರಂದು ಪಾಟರ್ ಅವನಿಗೊಂದು ಪತ್ರ ಬರೆದರು. ಸುದ್ದಿ ಏನೂ ಇಲ್ಲದ್ದರಿಂದ ನಾಲ್ಕು ಮೊಲದ ಮರಿಗಳ ಕಥೆ ಹೇಳಿ, ಸಾಲುಗಳ ನಡುವೆ ರೇಖಾಚಿತ್ರ ಹಾಕಿದರು. ಆ ಹುಡುಗ ಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಸುಮಾರು ಏಳು ವರ್ಷಗಳ ಮೇಲೆ ಪುಸ್ತಕ ಮಾಡುವ ಯೋಚನೆ ಬಂದಾಗ ಪಾಟರ್ ಅದನ್ನು ಅವನಿಂದಲೇ ಎರವಲು ಪಡೆದು ನಕಲು ಮಾಡಿಕೊಂಡರು. ಹಾಗಾಗಿ ಪಾಟರ್ ಅವರ ಚಿತ್ರಗಳ ಮೊದಲ ಸಂಗ್ರಹಕಾರರ ಸಾಲಿನಲ್ಲಿ ಒಬ್ಬ ಪುಟ್ಟ ಬಾಲಕನಿಗೂ ಜಾಗವಿದೆ.

ಹಲವು ಪ್ರಕಾಶಕರು ಹಸ್ತಪ್ರತಿಯನ್ನು ತಿರಸ್ಕರಿಸಿದರು. ಪುಸ್ತಕ ಮಗುವಿನ ಕೈಗೆ ಹಿಡಿಯುವಷ್ಟು ಚಿಕ್ಕದಿರಬೇಕು, ಪುಟ ತಿರುವಿದಾಗಲೆಲ್ಲ ಚಿತ್ರ ಇರಬೇಕು, ಬೆಲೆ ಕಡಿಮೆ ಇರಬೇಕು ಎಂಬುದು ಪಾಟರ್ ಅವರ ಹಟ. ಕೊನೆಗೆ ತಮ್ಮ ಉಳಿತಾಯದ ಹಣದಿಂದಲೇ ಅಚ್ಚು ಹಾಕಿಸಿದರು. ಮೊದಲ ಪುಟದ ಚಿತ್ರಕ್ಕೆ ಮಾತ್ರ ಬಣ್ಣ, ಉಳಿದವು ಕಪ್ಪು ರೇಖೆಗಳು. ಬಣ್ಣ ದುಬಾರಿ. 250 ಪ್ರತಿಗಳಲ್ಲಿ ಕೆಲವನ್ನು ಉಡುಗೊರೆ ಕೊಟ್ಟು, ಉಳಿದವನ್ನು ಸುಮಾರು ಒಂದು ಶಿಲಿಂಗ್‌ಗೆ ಮಾರಿದರು. ಅವು ಬೇಗ ಮುಗಿದವು. ಫೆಬ್ರವರಿಯಲ್ಲಿ ಮತ್ತೆ 200 ಪ್ರತಿ ಅಚ್ಚಾಯಿತು. 1902ರ ಅಕ್ಟೋಬರ್‌ನಲ್ಲಿ ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣದ ಚಿತ್ರಗಳೊಂದಿಗೆ ಅದನ್ನು ಹೊರತಂದಿತು. ಅಲ್ಲಿಂದ ಮುಂದೆ ಆ ಮೊಲಕ್ಕೆ ಎಣಿಕೆ ಇಲ್ಲ.

ದುಃಖವೂ ಬಂತು. ಪ್ರಕಾಶಕರ ಮನೆಯ ನಾರ್ಮನ್ ವಾರ್ನ್ ಜೊತೆ 1905ರ ಜುಲೈನಲ್ಲಿ ಮದುವೆ ನಿಶ್ಚಯವಾಯಿತು. ಆಗಸ್ಟ್ ಮುಗಿಯುವುದರೊಳಗೆ ಅವರು ತೀರಿಕೊಂಡರು. ಅದೇ ವರ್ಷ ಪಾಟರ್ ಇಂಗ್ಲೆಂಡಿನ ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಹಿಲ್ ಟಾಪ್ ಎಂಬ ಹೊಲಮನೆ ಕೊಂಡರು. 1913ರಲ್ಲಿ ವಕೀಲ ವಿಲಿಯಂ ಹೀಲಿಸ್ ಅವರನ್ನು ಮದುವೆಯಾಗಿ, ಕುರಿ ಸಾಕಣೆಯಲ್ಲಿ ತೊಡಗಿದರು. ಆ ಸೀಮೆಯ ಹರ್ಡ್ವಿಕ್ ತಳಿಯ ಕುರಿಗಳನ್ನು ಉಳಿಸಲು ದುಡಿದರು.

ಅವರು ಮತ್ತೊಮ್ಮೆ ಎಣಿಸಿ ಚಿತ್ರ ಮಾಡಿದ್ದು 1927ರಲ್ಲಿ. ವಿಂಡರ್‌ಮಿಯರ್ ಸರೋವರದ ದಂಡೆಯ ಕಾಕ್‌ಷಾಟ್ ಪಾಯಿಂಟ್ ಎಂಬ ಜಾಗ ಕಟ್ಟಡಗಳ ಪಾಲಾಗುವ ಭಯವಿತ್ತು. ಅರವತ್ತು ದಾಟಿದ್ದ ಪಾಟರ್ ಮೊಲದ ಕಥೆಯ ಚಿತ್ರಗಳನ್ನು ಮತ್ತೆ ಕೈಯಿಂದ ಬರೆದು, ಸಹಿ ಹಾಕಿ, ಅಂಥ 50 ಚಿತ್ರಗಳನ್ನು ಅಮೆರಿಕದ ಬಾಸ್ಟನ್‌ಗೆ ಕಳುಹಿಸಿದರು. ಹಾರ್ನ್ ಬುಕ್ ಪತ್ರಿಕೆಯ ಮೂಲಕ ಅವು ಮಾರಾಟವಾದವು, ಹಣ ಆ ದಂಡೆಯನ್ನು ಉಳಿಸಲು ಹೋಯಿತು. 1943ರ ಡಿಸೆಂಬರ್ 22ರಂದು ಅವರು ತೀರಿಕೊಂಡಾಗ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಜಮೀನು ನ್ಯಾಷನಲ್ ಟ್ರಸ್ಟ್‌ಗೆ ಸೇರಿತು.

ಅವರ ನಂತರದ ಕಥೆಯೂ ಸಂಗ್ರಹಕಾರರದೇ. ಆಂಬಲ್‌ಸೈಡ್ ಊರಿನ ಆರ್ಮಿಟ್ ಗ್ರಂಥಾಲಯ ಅಣಬೆಯ ಚಿತ್ರಗಳನ್ನು ಕಾಪಾಡಿಕೊಂಡಿತು. 1967ರಲ್ಲಿ ಡಬ್ಲ್ಯೂ. ಪಿ. ಕೆ. ಫಿಂಡ್ಲೆ ಅವರ ಶಿಲೀಂಧ್ರ ಕೈಪಿಡಿಯಲ್ಲಿ ಅವುಗಳಲ್ಲಿ 59 ಚಿತ್ರಗಳು ಅಚ್ಚಾದವು. ಎಪ್ಪತ್ತು ವರ್ಷಗಳ ಮೇಲೂ ಅವು ಗುರುತಿಸುವ ಕೆಲಸಕ್ಕೆ ಬಂದವು. ಲೆಸ್ಲಿ ಲಿಂಡರ್ ಎಂಬ ಎಂಜಿನಿಯರ್ ಪಾಟರ್ ಅವರ ಚಿತ್ರಗಳನ್ನು ವರ್ಷಗಟ್ಟಲೆ ಕೂಡಿಸಿದರು. ಅವರು ಯೌವನದಲ್ಲಿ ಗುಪ್ತಲಿಪಿಯಲ್ಲಿ ಬರೆದಿಟ್ಟಿದ್ದ ದಿನಚರಿಯನ್ನು 1958ರಲ್ಲಿ ಬಿಡಿಸಿ ಓದಿದವರೂ ಇವರೇ. ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳ ಆ ಸಂಗ್ರಹವನ್ನು ಲಿಂಡರ್ ತಮ್ಮ ಬಳಿ ಬೀಗ ಹಾಕಿ ಇಡಲಿಲ್ಲ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯಕ್ಕೆ ಬಿಟ್ಟುಹೋದರು. ಕೂಡಿಡುವುದು ಸಾರ್ಥಕವಾಗುವುದು ಹೀಗೆ.

ನಮ್ಮ ಬೋಧನಾಭ್ಯಾಸಕ್ಕೂ ಇದಕ್ಕೂ ಸಂಬಂಧವಿದೆ. ಶಿಲೀಂಧ್ರದ ಪಾಠದಲ್ಲಿ ಕಪ್ಪುಹಲಗೆಯ ಚಿತ್ರವನ್ನು ಮಕ್ಕಳು ನಕಲು ಮಾಡಿ, ಭಾಗಗಳನ್ನು ಹೆಸರಿಸಿ ಮುಗಿಸುತ್ತಾರೆ. ನಲವತ್ತು ಮಕ್ಕಳ ಪುಸ್ತಕದಲ್ಲಿ ಒಂದೇ ಚಿತ್ರ. ಅದರ ಬದಲು ಬೂಷ್ಟು ಹಿಡಿದ ಬ್ರೆಡ್ಡಿನ ತುಂಡನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಭೂತಗನ್ನಡಿ ಕೊಟ್ಟು, ಕಂಡದ್ದನ್ನೇ ಬರೆಯಿರಿ ಎಂದರೆ ನಲವತ್ತು ಬೇರೆ ಬೇರೆ ಚಿತ್ರಗಳು ಬರುತ್ತವೆ. ಅವುಗಳಲ್ಲಿ ಕೆಲವು ಸೊಟ್ಟಗಿರಬಹುದು, ಆದರೆ ಪ್ರತಿಯೊಂದೂ ಒಂದು ಮಗು ನೋಡಿದ್ದಕ್ಕೆ ಸಾಕ್ಷಿ. ಪ್ರತಿ ಚಿತ್ರಕ್ಕೂ ಇರುವುದು ಒಂದೇ ಪ್ರತಿ. ವರ್ಷದ ಕೊನೆಗೆ ಅವು ರದ್ದಿಗೆ ಹೋಗದಂತೆ ದಿನಾಂಕ ಹಾಕಿ ಒಂದು ಕಡತದಲ್ಲಿ ಇಡುವ ಕೆಲಸ ಶಿಕ್ಷಕರದು.