ಅಂಗಳಕ್ಕೇ ಶಾಲೆಯನ್ನು ಕೊಂಡೊಯ್ದ ತಾರಾಬಾಯಿ ಮೋಡಕ್

ಅಂಗನವಾಡಿ ಎಂಬ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಪುಟಾಣಿಗಳನ್ನು ಸುತ್ತ ಕೂರಿಸಿಕೊಂಡು ಹಾಡು ಹೇಳಿಕೊಡುವ, ಊಟ ಬಡಿಸುವ ಕಾರ್ಯಕರ್ತೆಯರು ಪ್ರತಿ ಹಳ್ಳಿಗೂ ಚಿರಪರಿಚಿತರು. ಆದರೆ ಇದು ಸರಕಾರದ ಯೋಜನೆಯಾಗುವುದಕ್ಕೆ 30 ವರ್ಷ ಮೊದಲೇ ಬಡವರ ಮನೆಯಂಗಳದಲ್ಲಿ ಇಂಥದೇ ಪ್ರಯೋಗ ನಡೆಸಿದ ತಾರಾಬಾಯಿ ಮೋಡಕ್ ಅವರ ಹೆಸರು ಇಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ತಾರಾಬಾಯಿ ಜನಿಸಿದ್ದು 1892ರ ಏಪ್ರಿಲ್ 19ರಂದು, ಮುಂಬಯಿಯಲ್ಲಿ. ಹೆತ್ತವರು ಪ್ರಾರ್ಥನಾ ಸಮಾಜದ ಸುಧಾರಣಾವಾದಿ ವಿಚಾರಗಳನ್ನು ಒಪ್ಪಿಕೊಂಡವರು. ಹೆಣ್ಣುಮಕ್ಕಳ ಓದು ಅಪರೂಪವಾಗಿದ್ದ ಆ ದಿನಗಳಲ್ಲಿ, 1914ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದ ಪದವೀಧರೆಯಾದರು. ಅಮರಾವತಿಯ ವಕೀಲರೊಬ್ಬರೊಡನೆ ನಡೆದ ವಿವಾಹ 1921ರಲ್ಲಿ ಮುರಿದುಬಿತ್ತು. ಸ್ವಂತ ದುಡಿಮೆಯಿಂದಲೇ ಬದುಕು ಕಟ್ಟಿಕೊಳ್ಳಬೇಕಾದ ತಾರಾಬಾಯಿ, ರಾಜಕೋಟೆಯ ಬಾರ್ಟನ್ ಮಹಿಳಾ ಕಾಲೇಜಿನ ಪ್ರಾಂಶುಪಾಲೆಯಾದರು.

ಗೌರವದ ಹುದ್ದೆ ಅದು. ಆದರೂ ಅವರ ಮನಸ್ಸು ಸೆಳೆದದ್ದು ಭಾವನಗರದತ್ತ. ವಕೀಲಿ ವೃತ್ತಿ ತೊರೆದು ಬಂದಿದ್ದ ಗಿಜುಭಾಯಿ ಬಧೇಕಾ ಅವರು ಅಲ್ಲಿನ ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದಿದ್ದರು. ಬೆತ್ತ ಮತ್ತು ಭಯಗಳಿಲ್ಲದೆ ಮಕ್ಕಳು ಕಲಿಯಬಲ್ಲರು ಎಂಬ ಮಾಂಟೆಸ್ಸರಿ ತತ್ತ್ವ ಅಲ್ಲಿ ಆಚರಣೆಗೆ ಬಂದಿತ್ತು. ತಾರಾಬಾಯಿ ಹುದ್ದೆ ಬಿಟ್ಟು ಗಿಜುಭಾಯಿಯವರ ಜೊತೆಗೂಡಿದರು. 1926ರಲ್ಲಿ ಇಬ್ಬರೂ ಸೇರಿ ನೂತನ ಬಾಲ ಶಿಕ್ಷಣ ಸಂಘವನ್ನು ಕಟ್ಟಿದರು. 1936ರಲ್ಲಿ ತಾರಾಬಾಯಿ ಮುಂಬಯಿಯ ದಾದರ್‌ನಲ್ಲಿ ಶಿಶುವಿಹಾರ ಆರಂಭಿಸಿದರು.

ಆದರೆ ಇಂಥ ಶಾಲೆಗಳ ಪ್ರಯೋಜನ ಪಡೆಯುತ್ತಿದ್ದವರು ಬಹುಮಟ್ಟಿಗೆ ಪಟ್ಟಣದ ಅನುಕೂಲಸ್ಥರ ಮಕ್ಕಳು. ಮಾಂಟೆಸ್ಸರಿ ಸಲಕರಣೆಗಳಂತೂ ಬಡವರ ಕೈಗೆಟುಕದಷ್ಟು ದುಬಾರಿ. ಹಳ್ಳಿಯ ಕೂಲಿಕಾರರ ಮಕ್ಕಳಿಗೆ ಇದರಿಂದ ಏನು ದೊರೆಯಿತು ಎಂಬ ಪ್ರಶ್ನೆ ತಾರಾಬಾಯಿಯವರನ್ನು ಬಿಡದೆ ಕಾಡಿತು. 1945ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಅವರು ನಗರವನ್ನು ಬಿಟ್ಟು ಅಂದಿನ ಠಾಣೆ ಜಿಲ್ಲೆಯ ಕಡಲತಡಿಯ ಗ್ರಾಮ ಬೋರ್ಡಿಗೆ ಬಂದರು. ಬಾಲ್ಯದಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಛಲದಿಂದ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್, ತಾರಾಬಾಯಿಯವರಿಗೆ ನೆರವಾಗಲು ಬಂದರು. ಕೊನೆಯವರೆಗೂ ಆ ಕೆಲಸ ಬಿಡಲಿಲ್ಲ.

ಊರ ನಡುವೆ ಬಾಲವಾಡಿ ತೆರೆಯಿತು. ಆದರೆ ದಲಿತರ ಕೇರಿಯ ಮಕ್ಕಳು ಅತ್ತ ಸುಳಿಯಲಿಲ್ಲ. ತಾಯಂದಿರು ಕೂಲಿಗೆ ಹೋದರೆ ತುಸು ದೊಡ್ಡ ಮಕ್ಕಳು ಕೂಸುಗಳನ್ನು ಕಾಯಬೇಕಿತ್ತು. ಮಕ್ಕಳು ಬರಲಿಲ್ಲವೆಂದು ತಾರಾಬಾಯಿ ದೂರುತ್ತ ಕೂರಲಿಲ್ಲ. ಬಾಲವಾಡಿಯನ್ನೇ ಕೇರಿಗೆ ಕೊಂಡೊಯ್ದರು. ಮನೆಯ ಅಂಗಳವೇ ತರಗತಿಯಾಯಿತು. ತಾಯಂದಿರಿಗೆ ಅನುಕೂಲವಾದ ಹೊತ್ತೇ ಶಾಲೆಯ ಹೊತ್ತಾಯಿತು. ಮೊದಲು ಮಕ್ಕಳ ಮೈ ತೊಳೆದು, ತಲೆ ಬಾಚಿ, ಉಗುರು ಕತ್ತರಿಸುವುದು. ಅನಂತರ ಹಾಡು, ಕಥೆ, ಆಟ. ದುಬಾರಿ ಸಲಕರಣೆಗಳ ಸ್ಥಾನದಲ್ಲಿ ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆಗಳು ಬಂದವು. ಕಲಿಕೆಯ ಬಗೆಯನ್ನು ತಾಯಂದಿರೂ ಕಣ್ಣಾರೆ ಕಂಡರು. ಅಂಗಳದ ಬಾಲವಾಡಿ ಎಂಬ ಕಲ್ಪನೆ ರೂಪುಗೊಂಡದ್ದು ಹೀಗೆ.

1957ರಲ್ಲಿ ಈ ಕಾರ್ಯ ಸಮೀಪದ ಕೋಸಬಾಡ ಗುಡ್ಡಕ್ಕೆ, ವಾರಲಿ ಆದಿವಾಸಿಗಳ ನಡುವೆ ಸಾಗಿತು. ಶಿಶುಪಾಲನೆ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಸೇರಿಸಿದ ವಿಕಾಸವಾಡಿ ಅಲ್ಲಿ ಬೆಳೆಯಿತು. ತಂಗಿಯನ್ನು ಹೊತ್ತು ಬಂದ ಅಕ್ಕ, ಮಗುವನ್ನು ಶಿಶುಪಾಲನೆಯ ಕೋಣೆಯಲ್ಲಿ ಬಿಟ್ಟು ತಾನೂ ಪಾಠಕ್ಕೆ ಕೂರಬಹುದಿತ್ತು. ದನ ಕಾಯುವ ಮಕ್ಕಳಿಗಾಗಿ ಶಿಕ್ಷಕರೇ ಹುಲ್ಲುಗಾವಲಿಗೆ ಹೋಗಿ ಪಾಠ ಹೇಳಿದರು.

1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಪುರಸ್ಕಾರ ಸಂದಿತು. 1973ರ ಆಗಸ್ಟ್ 31ರಂದು ಅವರು ನಿಧನರಾದರು. ಅನುತಾಯಿ 1992ರಲ್ಲಿ ತೀರಿಕೊಳ್ಳುವವರೆಗೂ ಅವರ ಕಾರ್ಯವನ್ನು ಮುಂದುವರಿಸಿದರು.

ತಾರಾಬಾಯಿ ಕಣ್ಮುಚ್ಚಿದ ಎರಡು ವರ್ಷಗಳ ಬಳಿಕ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರಕಾರ ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿತು. ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಅವುಗಳಲ್ಲೊಂದು. ಯೋಜನೆಯ ಕೇಂದ್ರಗಳಿಗೆ ಇಟ್ಟ ಹೆಸರು ಅಂಗನವಾಡಿ. ಅಂಗಳದ ಬಾಲವಾಡಿ ಇಂದು ದೇಶದ ಹಳ್ಳಿಹಳ್ಳಿಗೂ ಹಬ್ಬಿದೆ. ಆದರೆ ಅದನ್ನು ನಡೆಸುವ ಮಹಿಳೆಯರನ್ನು ಸರಕಾರ ಇಂದಿಗೂ ಗೌರವ ಕಾರ್ಯಕರ್ತೆಯರೆಂದೇ ಪರಿಗಣಿಸುತ್ತದೆ. ಅವರ ಕೈಗೆ ಬರುವುದು ವೇತನವಲ್ಲ, ಗೌರವಧನ. ತಾರಾಬಾಯಿ ಸ್ವಇಚ್ಛೆಯಿಂದ ಆರಿಸಿಕೊಂಡ ಸೇವೆ, ದುಡಿದು ಉಣ್ಣುವ ಹೆಂಗಸರ ಪಾಲಿಗೆ ಅಗ್ಗದ ದುಡಿಮೆಯಾಗಬಾರದು. ಅವರ ಸ್ಮರಣೆಗೆ ಇದಕ್ಕಿಂತ ಮಿಗಿಲಾದ ಗೌರವ ಬೇರೊಂದಿರಲಾರದು.